ಆಗಸದ ಬಂಡಿ, ನೆಲದವರ ಕಿವಿ

ಮನುಷ್ಯನು ಹಾರುವ ಕನಸು ಕಂಡದ್ದು ಹೊಸತೇನಲ್ಲ. ಪುಷ್ಪಕ ವಿಮಾನದ ಕಥೆ ಕೇಳದೆ ಬೆಳೆದ ಮಗು ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಕಥೆ ಹೇಳಿದ ಅಜ್ಜಿಯಾಗಲಿ, ಕೇಳಿದ ಮೊಮ್ಮಗುವಾಗಲಿ ‘ಆ ವಿಮಾನ ಎಷ್ಟು ಸದ್ದು ಮಾಡುತ್ತಿತ್ತು?’ ಎಂದು ವಿಚಾರಿಸಿದ್ದು ಅಪರೂಪ. ಕಥೆಯೊಳಗಿನ ವಿಮಾನಕ್ಕೆ ಸದ್ದಿನ ಲೆಕ್ಕ ಬೇಕಿಲ್ಲ. ನಮ್ಮ ಮನೆಯ ಮಾಳಿಗೆಯ ಮೇಲೆ ಹಾರಲಿರುವ ವಿಮಾನಕ್ಕೆ ಅದು ಬೇಕೇ ಬೇಕು. ಈ ಸಲದ ಅಂಕಣದಲ್ಲಿ ಆ ಲೆಕ್ಕವನ್ನೇ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಓಡುದಾರಿಯ ಅಗತ್ಯವಿಲ್ಲದೆ ನಿಂತಲ್ಲಿಂದಲೇ ನೆಟ್ಟಗೆ ಮೇಲೇರಿ, ಬಳಿಕ ಮುಂದಕ್ಕೆ ಹಾರಿ, ಮತ್ತೆ ನೆಟ್ಟಗೆ ಕೆಳಗಿಳಿಯುವ ವಿದ್ಯುತ್ ವಿಮಾನಗಳನ್ನು ಜಗತ್ತಿನ ಹಲವು ದೇಶಗಳಲ್ಲಿ ಸಿದ್ಧಪಡಿಸಲಾಗುತ್ತಿದೆ. ಪತ್ರಿಕೆಗಳು ಇವನ್ನು ‘ಹಾರುವ ಟ್ಯಾಕ್ಸಿ’ ಎಂದು ಕರೆಯುತ್ತಿವೆ. ಅಮೆರಿಕದ ಜೋಬಿ ಎಂಬ ಕಂಪನಿಯ ವಿಮಾನಕ್ಕೆ ಆರು ಪ್ರೊಪೆಲರ್‌ಗಳಿವೆ. ಆರ್ಚರ್ ಎಂಬ ಕಂಪನಿಯ ವಿಮಾನಕ್ಕೆ ಹನ್ನೆರಡು. ಚೀನದ ಈಹ್ಯಾಂಗ್ ಕಂಪನಿಯ, ಚಾಲಕನಿಲ್ಲದೆ ಇಬ್ಬರನ್ನು ಹೊತ್ತೊಯ್ಯುವ ವಾಹನಕ್ಕೆ ಹದಿನಾರು. ಈ ಚೀನೀ ವಾಹನಕ್ಕೆ ಆ ದೇಶದ ವಿಮಾನಯಾನ ಪ್ರಾಧಿಕಾರವು 2023ರ ಅಕ್ಟೋಬರಿನಲ್ಲಿ ಪ್ರಮಾಣಪತ್ರವನ್ನೂ ನೀಡಿತು.

ಇದು ದೂರದ ದೇಶಗಳ ಸುದ್ದಿ ಮಾತ್ರವಲ್ಲ. ಚೆನ್ನೈಯ ಐಐಟಿಯ ಆಶ್ರಯದಲ್ಲಿ ಬೆಳೆದ ಈಪ್ಲೇನ್ ಎಂಬ ಕಂಪನಿ ಇಂಥ ವಿಮಾನದ ತಯಾರಿಕೆಯಲ್ಲಿ ತೊಡಗಿದೆ. ನಮ್ಮ ಬೆಂಗಳೂರಿನ ಸರಳಾ ಏವಿಯೇಷನ್ ಎಂಬ ಕಂಪನಿಯು 2025ರ ಜನವರಿಯಲ್ಲಿ ದೆಹಲಿಯ ವಾಹನ ಪ್ರದರ್ಶನದಲ್ಲಿ ತನ್ನ ಮಾದರಿಯನ್ನು ಜನರ ಮುಂದಿರಿಸಿತು. ಅದಕ್ಕೂ ಮೊದಲು, 2024ರಲ್ಲಿ, ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸಂಸ್ಥೆಯೊಡನೆ ಅದು ಒಡಂಬಡಿಕೆಯನ್ನೂ ಮಾಡಿಕೊಂಡಿತು. ಆ ಮಾದರಿಗೆ ಇಟ್ಟ ಹೆಸರು ‘ಶೂನ್ಯ’. ಈ ಪದ ನಮ್ಮ ಓದುಗರಿಗೆ ಬೇರೆಯೇ ಅರ್ಥದಲ್ಲಿ ಪರಿಚಿತವಾದುದು. ಇಲ್ಲಿ ಅದು ಒಂದು ಯಂತ್ರದ ಹೆಸರು ಮಾತ್ರ. ಹೆಸರು ಶೂನ್ಯವಾದರೂ ಸದ್ದು ಶೂನ್ಯವಾಗಲಾರದು ಎಂಬುದೇ ನಾವು ಹೇಳಹೊರಟಿರುವ ಮಾತಿನ ಆರಂಭ.

ನಗರದ ಮೇಲೆ ಜನರನ್ನು ಹೊತ್ತು ಹಾರುವ ಪ್ರಯತ್ನ ಇದೇ ಮೊದಲಲ್ಲ. ನ್ಯೂಯಾರ್ಕ್ ನಗರದ ನಟ್ಟನಡುವಿನ ಪ್ಯಾನ್ ಆಮ್ ಕಟ್ಟಡದ ತಾರಸಿಯಿಂದ ವಿಮಾನ ನಿಲ್ದಾಣಕ್ಕೆ 1965ರಲ್ಲಿ ಹೆಲಿಕಾಪ್ಟರ್ ಸಂಚಾರ ಆರಂಭವಾಯಿತು. ಸುತ್ತಲಿನ ನಿವಾಸಿಗಳು ಅಪಾಯದ ಭಯದಿಂದಲೂ ಸದ್ದಿನ ಹಿಂಸೆಯಿಂದಲೂ ಅದನ್ನು ವಿರೋಧಿಸಿದ್ದರು. 1968ರಲ್ಲಿ ನಿಂತ ಆ ಸಂಚಾರ 1977ರಲ್ಲಿ ಮತ್ತೆ ಮೊದಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತಾರಸಿಯ ಮೇಲೆ ಸಂಭವಿಸಿದ ದುರಂತದಲ್ಲಿ ಐವರು ಮೃತಪಟ್ಟ ಮೇಲೆ ಶಾಶ್ವತವಾಗಿ ನಿಂತಿತು. ಬೆಂಗಳೂರಿನಲ್ಲಿಯೂ 2018ರ ಮಾರ್ಚಿನಲ್ಲಿ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಟ್ಯಾಕ್ಸಿ ಆರಂಭವಾದುದನ್ನು ಓದುಗರು ಬಲ್ಲರು. ಹೆಲಿಕಾಪ್ಟರ್ ಎಂಬ ಯಂತ್ರ ಇಷ್ಟು ದಶಕಗಳಾದರೂ ಜನಸಾಮಾನ್ಯರ ವಾಹನವಾಗಲಿಲ್ಲ. ಅದರ ದುಬಾರಿ ವೆಚ್ಚ ಒಂದು ಕಾರಣ. ಅದು ಎಬ್ಬಿಸುವ ಸದ್ದನ್ನು ಯಾವ ಬಡಾವಣೆಯೂ ದಿನವಿಡೀ ಸಹಿಸಲಾರದೆಂಬುದು ಇನ್ನೊಂದು ಕಾರಣ.

ಹೊಸ ವಾಹನದ ನಿರ್ಮಾಪಕರು ಈ ಪಾಠವನ್ನು ಚೆನ್ನಾಗಿ ಅರಿತಿದ್ದಾರೆ. ಉಬರ್ ಕಂಪನಿಯು 2016ರಲ್ಲಿ ಹಾರುವ ಟ್ಯಾಕ್ಸಿಗಳ ಕುರಿತು ಹೊರತಂದ ಯೋಜನಾ ಪತ್ರದಲ್ಲಿ, ಮನೆಯ ಮುಂದೆ ಹಾದುಹೋಗುವ ಮಧ್ಯಮ ಗಾತ್ರದ ಟ್ರಕ್ಕಿನ ಅರ್ಧದಷ್ಟು ಸದ್ದನ್ನು ಗುರಿಯಾಗಿ ಇರಿಸಿಕೊಂಡಿತ್ತು. ಈ ವಾಹನದ ಭವಿಷ್ಯವು ಅದರ ವೇಗದ ಮೇಲೆ ಮಾತ್ರವಲ್ಲ, ಅದರ ದನಿಯ ಮೇಲೂ ನಿಂತಿದೆಯೆಂಬುದನ್ನು ಉದ್ಯಮಿಗಳೇ ಒಪ್ಪಿದ ಮೇಲೆ, ಕೆಳಗೆ ವಾಸಿಸುವ ನಾವು ಅದರ ಬಗ್ಗೆ ತಿಳಿಯದಿರುವುದು ಸರಿಯಲ್ಲ.

ವಿದ್ಯುತ್ ಮೋಟಾರು ಸದ್ದು ಮಾಡುವುದಿಲ್ಲ, ಆದ್ದರಿಂದ ವಿದ್ಯುತ್ ವಿಮಾನವೂ ಸದ್ದು ಮಾಡುವುದಿಲ್ಲವೆಂದು ಅನೇಕರು ಭಾವಿಸಿದ್ದಾರೆ. ಈ ಭಾವನೆಯ ಅರ್ಧ ಮಾತ್ರ ಸತ್ಯ. ಮೋಟಾರಿನಿಂದ ಬರುವ ಸದ್ದು ಅಲ್ಪವೇ ಹೌದು. ಆದರೆ ಟನ್ನುಗಟ್ಟಲೆ ಭಾರವನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಕಾದರೆ ಅಷ್ಟೇ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಆ ಕೆಲಸವನ್ನು ಮಾಡುವುದು ಪ್ರೊಪೆಲರ್. ಅದನ್ನು ತಿರುಗಿಸುವುದು ಪೆಟ್ರೋಲೋ ವಿದ್ಯುತ್ತೋ ಎಂಬುದು ಗಾಳಿಗೆ ತಿಳಿಯದು. ಮನೆಯ ಚಾವಣಿಯ ಫ್ಯಾನೂ ವಿದ್ಯುತ್ತಿನಿಂದಲೇ ತಿರುಗುತ್ತದೆ. ಒಂದರ ಅಂಕೆಯಲ್ಲಿ ಅದು ಇದ್ದೂ ಇಲ್ಲದಂತಿರುತ್ತದೆ. ಐದರ ಅಂಕೆಗೆ ತಿರುಗಿಸಿದೊಡನೆ ಪಕ್ಕದಲ್ಲಿದ್ದವರ ಮಾತಿನ ಮೇಲೂ ಅದರ ಸದ್ದು ಏರುತ್ತದೆ. ಅದೇ ಮೋಟಾರು, ಅದೇ ರೆಕ್ಕೆ. ಬದಲಾದದ್ದು ವೇಗ ಮಾತ್ರ.

ಪ್ರೊಪೆಲರಿನ ಸದ್ದಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಸ್ವರದಂತೆ ಕೇಳುವ ಸದ್ದು. ಪ್ರತಿಯೊಂದು ಅಲಗೂ ಹಾದುಹೋಗುವಾಗ ಗಾಳಿಗೆ ಒಂದು ಪೆಟ್ಟು ಬೀಳುತ್ತದೆ. ಐದು ಅಲಗುಗಳ ಪ್ರೊಪೆಲರೊಂದು ನಿಮಿಷಕ್ಕೆ 900 ಸುತ್ತು ತಿರುಗಿದರೆ ಸೆಕೆಂಡಿಗೆ ಹದಿನೈದು ಸುತ್ತು, ಎಂದರೆ 75 ಪೆಟ್ಟು. ಕಿವಿಗೆ ಅವು ಬಿಡಿಬಿಡಿಯಾದ ಪೆಟ್ಟುಗಳಾಗಿ ಕೇಳದೆ ಒಂದು ಗುಂಯ್ ಎಂಬ ನಾದವಾಗಿ ಕೇಳುತ್ತವೆ. ಅದರ ಮೇಲೆ ಎರಡರಷ್ಟು, ಮೂರರಷ್ಟು ಏರಿನ ಸ್ವರಗಳೂ ಕೂಡಿಕೊಳ್ಳುತ್ತವೆ. ಎರಡನೆಯದು, ಅಲಗಿನ ಅಂಚಿನಲ್ಲಿ ಗಾಳಿ ಕದಡಿ ಹುಟ್ಟುವ ‘ಸುಯ್’ ಎಂಬ ಸದ್ದು. ತೆಂಗಿನ ಗರಿಗಳ ನಡುವೆ ಗಾಳಿ ಬೀಸಿದಾಗ ಕೇಳುವಂತೆ ಇದಕ್ಕೆ ನಿಶ್ಚಿತ ಸ್ವರವಿಲ್ಲ. ಮೊದಲ ಬಗೆಯ ಸದ್ದು ಕಿವಿಯನ್ನು ಚುಚ್ಚುತ್ತದೆ. ಎರಡನೆಯದು ಸುತ್ತಲಿನ ಸದ್ದಿನಲ್ಲಿ ಸುಲಭವಾಗಿ ಬೆರೆತುಹೋಗುತ್ತದೆ.

ಪ್ರೊಪೆಲರುಗಳು ಹಲವಾದಾಗ ಹೊಸ ತೊಡಕುಗಳು ಹುಟ್ಟುತ್ತವೆ. ಎರಡು ತಂಬೂರಿಗಳ ಶ್ರುತಿಯಲ್ಲಿ ತುಸು ವ್ಯತ್ಯಾಸವಿದ್ದರೆ ದನಿಯು ಅಲೆಅಲೆಯಾಗಿ ಏರಿಳಿಯುವುದನ್ನು ಸಂಗೀತ ಬಲ್ಲವರು ಗಮನಿಸಿರುತ್ತಾರೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಪ್ರೊಪೆಲರುಗಳ ನಾದವೂ ಹೀಗೆಯೇ ಏರಿಳಿಯುತ್ತದೆ. ಇದಲ್ಲದೆ ಒಂದು ಪ್ರೊಪೆಲರ್ ಕದಡಿದ ಗಾಳಿಯನ್ನು ಹಿಂದಿನ ಇನ್ನೊಂದು ಪ್ರೊಪೆಲರ್ ಕತ್ತರಿಸಿದಾಗ ಸದ್ದು ಹೆಚ್ಚುತ್ತದೆ. ಹೆಲಿಕಾಪ್ಟರ್ ಇಳಿಯುವಾಗ ಕೇಳಿಬರುವ ‘ಟಪ್ ಟಪ್’ ಎಂಬ ಬಡಿತಕ್ಕೂ ಇಂಥದೇ ಕಾರಣ: ಒಂದು ಅಲಗು ಬಿಟ್ಟುಹೋದ ಸುಳಿಗಾಳಿಯನ್ನು ಮುಂದಿನ ಅಲಗು ಅಪ್ಪಳಿಸುತ್ತದೆ.

ಇದಕ್ಕೆ ಪರಿಹಾರ ಹುಡುಕಿದ ತಂತ್ರಜ್ಞರ ಶ್ರಮವನ್ನು ಮೆಚ್ಚಲೇಬೇಕು. ಸದ್ದಿನ ಮೂಲವಿರುವುದು ಮುಖ್ಯವಾಗಿ ಅಲಗಿನ ತುದಿಯ ವೇಗದಲ್ಲಿ. ಆ ವೇಗವನ್ನು ಸ್ವಲ್ಪ ತಗ್ಗಿಸಿದರೂ ಸದ್ದು ಬಹಳಷ್ಟು ತಗ್ಗುತ್ತದೆ. ನಿಧಾನವಾಗಿ ತಿರುಗಿದರೆ ಎತ್ತುವ ಬಲ ಕಡಿಮೆಯಾಗುವುದರಿಂದ ಅಲಗುಗಳನ್ನು ಅಗಲಗೊಳಿಸಿ, ಅವುಗಳ ಸಂಖ್ಯೆಯನ್ನು ಹೆಚ್ಚಿಸಿ, ಭಾರವನ್ನು ಹಲವು ಪ್ರೊಪೆಲರುಗಳಿಗೆ ಹಂಚುತ್ತಾರೆ. ಅಲಗಿನ ತುದಿಯನ್ನು ಬಾಗಿಸಿ ಸುಳಿಗಾಳಿಯ ಹೊಡೆತವನ್ನು ತಪ್ಪಿಸುತ್ತಾರೆ. ಈ ವಿದ್ಯೆಯಲ್ಲಿ ಗೂಬೆಯೂ ಒಂದು ಗುರು. ಅದರ ರೆಕ್ಕೆಯ ಮುಂದಿನ ಅಂಚು ಬಾಚಣಿಗೆಯಂತೆ ಹಲ್ಲುಹಲ್ಲಾಗಿದೆ, ಹಿಂದಿನ ಅಂಚು ಕುಚ್ಚಿನಂತಿದೆ, ಮೇಲ್ಮೈ ಮಖಮಲ್ಲಿನಂತಿದೆ. ಇಲಿಯ ಕಿವಿಗೂ ಬೀಳದಂತೆ ಅದು ಹಾರಬಲ್ಲುದು. ಅಪಶಕುನವೆಂದು ನಾವು ಓಡಿಸುವ ಹಕ್ಕಿಯ ಗರಿಯನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದ ಕೆಳಗಿಟ್ಟು ಓದುತ್ತಿದ್ದಾರೆ.

ಈ ಶ್ರಮದ ಫಲವನ್ನು ಅಳೆದೂ ನೋಡಲಾಗಿದೆ. ಅಮೆರಿಕದ ನಾಸಾ ಸಂಸ್ಥೆಯು 2021ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನೆಲದ ಮೇಲೆ ಐವತ್ತಕ್ಕೂ ಹೆಚ್ಚು ಮೈಕ್ರೊಫೋನುಗಳನ್ನು ಹರಡಿ ಜೋಬಿ ವಿಮಾನದ ಸದ್ದನ್ನು ದಾಖಲಿಸಿತು. ಆ ಅಳತೆಗಳನ್ನು 2022ರ ಮೇ ತಿಂಗಳಲ್ಲಿ ಕಂಪನಿಯು ಪ್ರಕಟಿಸಿತು. ಸುಮಾರು 500 ಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ ಹಾರುವಾಗ ನೆಲದಲ್ಲಿ ಕೇಳಿದ್ದು 45.2 ಡೆಸಿಬೆಲ್. ಏರುವಾಗ ಮತ್ತು ಇಳಿಯುವಾಗ, 100 ಮೀಟರ್ ದೂರದಲ್ಲಿ, 65 ಡೆಸಿಬೆಲ್‌ಗಿಂತ ಕಡಿಮೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್ ಇರುತ್ತದೆ. ಅದೇ ದೂರದಲ್ಲಿ ಇಳಿಯುವ ಹೆಲಿಕಾಪ್ಟರಿನ ಗರ್ಜನೆಗೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಸಾಧನೆ. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಆದರೆ ಈ ಅಂಕಿಗಳನ್ನು ಓದುವ ಕ್ರಮವೊಂದಿದೆ. ಡೆಸಿಬೆಲ್ ಎಂಬುದು ಸೇರು, ಪಾವುಗಳಂಥ ಸಾಮಾನ್ಯ ಅಳತೆಯಲ್ಲ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತುಪಟ್ಟಾಗುತ್ತದೆ. ಕಿವಿಗೆ ಅದು ಸುಮಾರು ಎರಡುಪಟ್ಟಾಗಿ ತೋರುತ್ತದೆ. ದೂರ ಅರ್ಧವಾದರೆ ಸುಮಾರು ಆರು ಡೆಸಿಬೆಲ್ ಏರುತ್ತದೆ. ಎಂದರೆ 100 ಮೀಟರ್ ದೂರದಲ್ಲಿ 65 ಇದ್ದದ್ದು 50 ಮೀಟರ್ ದೂರದಲ್ಲಿ 71 ಆಗುತ್ತದೆ. ಒಂದೇ ಬಗೆಯ ಹತ್ತು ವಾಹನಗಳು ಒಂದೇ ದೂರದಲ್ಲಿ ಏಕಕಾಲಕ್ಕೆ ಹಾರಿದರೆ, 45 ಇದ್ದದ್ದು 55 ಆಗುತ್ತದೆ.

ನಮ್ಮ ದೇಶದಲ್ಲಿ ಶಬ್ದಮಾಲಿನ್ಯಕ್ಕೆ 2000ನೆಯ ಇಸವಿಯ ನಿಯಮಾವಳಿ ಜಾರಿಯಲ್ಲಿದೆ. ಅದರಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯ ಮಿತಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಇವು ಕ್ಷಣದ ಸದ್ದಿನ ಅಳತೆಗಳಲ್ಲ, ಕಾಲಾವಧಿಯ ಸರಾಸರಿ. ಆದ್ದರಿಂದ ಕಂಪನಿಯ 65ನ್ನೂ ಕಾನೂನಿನ 55ನ್ನೂ ನೇರವಾಗಿ ಎದುರಿಟ್ಟು ತೀರ್ಪು ಕೊಡುವುದು ಅನ್ಯಾಯವಾಗುತ್ತದೆ. ಇದನ್ನು ಒಂದು ಅಳತೆಗೋಲಾಗಿ ಮಾತ್ರ ಇಟ್ಟುಕೊಂಡು, ನ್ಯಾಯವಾದ ರೀತಿಯಲ್ಲೇ ಲೆಕ್ಕ ಹಾಕೋಣ.

ಏರುವ ಅಥವಾ ಇಳಿಯುವ ಒಂದು ಸಲದ ಸದ್ದು ಅರ್ಧ ನಿಮಿಷ ಇರುವುದೆಂದೂ, 100 ಮೀಟರ್ ದೂರದ ಮನೆಗೆ ಅದು 65 ಡೆಸಿಬೆಲ್ ಆಗಿ ತಲುಪುವುದೆಂದೂ, ಉಳಿದ ಸಮಯದಲ್ಲಿ ಬೇರೆ ಸದ್ದೇ ಇಲ್ಲವೆಂದೂ ಇಟ್ಟುಕೊಳ್ಳೋಣ. ಐದು ನಿಮಿಷಕ್ಕೊಮ್ಮೆ, ಎಂದರೆ ಗಂಟೆಗೆ ಹನ್ನೆರಡು ಸಲ ಹೀಗಾದರೆ, ಒಟ್ಟು ಕಾಲದ ಹತ್ತನೆಯ ಒಂದು ಭಾಗ ಸದ್ದು ತುಂಬುತ್ತದೆ. ಹತ್ತನೆಯ ಒಂದು ಎಂದರೆ ಹತ್ತು ಡೆಸಿಬೆಲ್ ಇಳಿತ, ಸರಾಸರಿ 55. ಹಗಲಿನ ಮಿತಿ ಅಲ್ಲಿಗೇ ತುಂಬಿಹೋಯಿತು! ನಿಮಿಷಕ್ಕೊಮ್ಮೆಯಾದರೆ ಸರಾಸರಿ 62ಕ್ಕೆ ಏರುತ್ತದೆ. ಇನ್ನು ರಾತ್ರಿಯ ಲೆಕ್ಕ: ಗಂಟೆಗೆ ಒಂದೇ ಸಲವಾದರೂ ಸರಾಸರಿ 44 ಮುಟ್ಟುತ್ತದೆ, ಎರಡನೆಯ ಸಲ ಬಂದೊಡನೆ 45ರ ಗಡಿ ದಾಟುತ್ತದೆ. ಒಂದು ವಿಮಾನ ಮೆಲುದನಿಯದೆಂಬ ಮಾತು ನಿಜವೇ ಇರಬಹುದು. ಆದರೆ ಟ್ಯಾಕ್ಸಿ ಎಂಬ ಹೆಸರಿನಲ್ಲೇ ಅದು ಮತ್ತೆ ಮತ್ತೆ ಬರುವುದೆಂಬ ಅರ್ಥ ಅಡಗಿದೆ. ಗಂಟೆಗೊಮ್ಮೆ ಬರುವ ಟ್ಯಾಕ್ಸಿಯಿಂದ ಯಾವ ಉದ್ಯಮಿಯೂ ಹೊಟ್ಟೆ ಹೊರೆಯಲಾರನು.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ‘ಒಂದು ವಿಮಾನದ ಸದ್ದು ಎಷ್ಟು?’ ಎಂಬುದಲ್ಲ. ‘ದಿನಕ್ಕೆ ಎಷ್ಟು ವಿಮಾನ, ಯಾವ ಹೊತ್ತಿನಲ್ಲಿ, ಯಾರ ಮನೆಯ ಮೇಲೆ?’ ಎಂಬುದು.

ಅಂಕಿಗಳ ಆಚೆಗೂ ಒಂದು ಮಾತಿದೆ. ಮನುಷ್ಯನ ಕಿವಿ ಯಂತ್ರವಲ್ಲ. ಅದು ಸದ್ದನ್ನು ಅಳೆಯುವುದಷ್ಟೇ ಅಲ್ಲ, ಗುರುತಿಸುತ್ತದೆ, ಒಪ್ಪುತ್ತದೆ, ಇಲ್ಲವೇ ಸಿಡುಕುತ್ತದೆ. ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 38 ಮಂದಿಗೆ ಡ್ರೋನುಗಳ ಸದ್ದನ್ನೂ ರಸ್ತೆಯ ವಾಹನಗಳ ಸದ್ದನ್ನೂ ಕೇಳಿಸಲಾಯಿತು. ಎರಡೂ ಸಮಾನ ಮಟ್ಟದಲ್ಲಿದ್ದಾಗಲೂ ಡ್ರೋನಿನ ಸದ್ದೇ ಹೆಚ್ಚು ಕಿರಿಕಿರಿಯದೆಂದು ಅವರು ಹೇಳಿದರು. ಡ್ರೋನು ಚಿಕ್ಕದು, ಹಾರುವ ಟ್ಯಾಕ್ಸಿ ದೊಡ್ಡದು. ಎರಡರ ದನಿಯೂ ಒಂದೇ ಅಲ್ಲ. ಆದರೂ ಪ್ರೊಪೆಲರಿನ ನಾದಕ್ಕೆ ಕಿವಿ ಹೇಗೆ ಸ್ಪಂದಿಸುತ್ತದೆಂಬುದಕ್ಕೆ ಇದೊಂದು ಸೂಚನೆ.

ಇದಕ್ಕೆ ಲೋಕಾನುಭವದ ಸಾಕ್ಷಿಯೂ ಉಂಟು. ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಬೋನಿಥನ್ ಎಂಬ ಬಡಾವಣೆಯಲ್ಲಿ 2018ರಲ್ಲಿ ವಿಂಗ್ ಎಂಬ ಕಂಪನಿಯು ಡ್ರೋನುಗಳ ಮೂಲಕ ಮನೆಮನೆಗೆ ತಿಂಡಿ, ಔಷಧಿಗಳನ್ನು ತಲುಪಿಸುವ ಪ್ರಯೋಗ ನಡೆಸಿತು. ಕೆಲವು ನಿವಾಸಿಗಳು ಅದನ್ನು ಸ್ವಾಗತಿಸಿದರು. ಅನೇಕರು ಸದ್ದಿನ ವಿರುದ್ಧ ದೂರಿದರು. ವಿಷಯ ಅಲ್ಲಿನ ಶಾಸನಸಭೆಯವರೆಗೂ ಹೋಗಿ 2019ರಲ್ಲಿ ವಿಚಾರಣೆ ನಡೆಯಿತು. ಕಂಪನಿಯು ಮೆಲುದನಿಯ ಹೊಸ ಪ್ರೊಪೆಲರುಗಳನ್ನು ರೂಪಿಸಬೇಕಾಯಿತು. ಅಮೆರಿಕದ ಟೆಕ್ಸಾಸಿನ ಕಾಲೇಜ್ ಸ್ಟೇಷನ್ ಎಂಬ ಊರಿನಲ್ಲಿಯೂ ಅಮೆಜಾನ್ ಕಂಪನಿಯ ಡ್ರೋನುಗಳ ಸದ್ದಿಗೆ ನಿವಾಸಿಗಳು ಬೇಸತ್ತಾಗ, 2024ರಲ್ಲಿ ಊರಿನ ಮೇಯರ್ ಅವರೇ ವಿಮಾನಯಾನ ಪ್ರಾಧಿಕಾರಕ್ಕೆ ಪತ್ರ ಬರೆದರು. ಈ ಎರಡು ಊರಿನವರೂ ಹೊಸ ವಿದ್ಯೆಯ ಶತ್ರುಗಳಲ್ಲ. ತಮ್ಮ ಹಿತ್ತಲಿನಲ್ಲಿ ನೆಮ್ಮದಿಯಿಂದ ಕೂರಲು ಬಯಸಿದ ಗೃಹಸ್ಥರು.

ಸದ್ದು ಎಷ್ಟಿದೆ ಎಂಬುದಕ್ಕಿಂತ ಸುತ್ತಲಿನ ಸದ್ದಿಗಿಂತ ಎಷ್ಟು ಮೇಲಿದೆ ಎಂಬುದು ಮುಖ್ಯ. ಬಸ್ಸು, ಲಾರಿ, ಆಟೋಗಳಿಂದ ತುಂಬಿದ ಪೇಟೆಯ ರಸ್ತೆಯಲ್ಲಿ 45 ಡೆಸಿಬೆಲ್ಲಿನ ಹಾರಾಟ ಯಾರ ಗಮನಕ್ಕೂ ಬಾರದೆ ಹೋದೀತು. ಅದೇ ಹಾರಾಟ ಊರ ಹೊರಗಿನ ಹೊಲದ ಮನೆಯ ಮೇಲೆ, ಬೆಳಗಿನ ಜಾವದ ನಿಶ್ಶಬ್ದದಲ್ಲಿ, ಎಲ್ಲರ ಕಿವಿಗೂ ಬೀಳುತ್ತದೆ. ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಹಾದಿ ಹಳ್ಳಿಗಳ ಮೇಲೆಯೇ ಹಾಯಬೇಕು. ಟಿಕೆಟ್ ಕೊಂಡವನು ನಗರದವನು. ಸದ್ದು ಕೇಳುವವನು ದಾರಿಯಲ್ಲಿರುವ ಹಳ್ಳಿಯವನು. ರಸ್ತೆಯ ಸದ್ದಿಗೆ ಗೋಡೆ ಕಟ್ಟಬಹುದು, ಮರ ನೆಡಬಹುದು; ಮೇಲಿನಿಂದ ಬೀಳುವ ಸದ್ದಿಗೆ ಸೂರೊಂದೇ ಅಡ್ಡ. ಕಾಂಕ್ರೀಟಿನ ತಾರಸಿಯ ಕೆಳಗೆ ಕಿಟಕಿ ಮುಚ್ಚಿ ಮಲಗಿದವನಿಗೂ ತಗಡಿನ ಮಾಡಿನ ಕೆಳಗೆ ಮಲಗಿದವನಿಗೂ ಅದು ಒಂದೇ ಆಗಿ ಕೇಳಿಸದು. ಈ ವಿಷಯದಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಸಂಗತಿ ಇದೇ. ಲಾಭ ಒಬ್ಬನಿಗೆ, ಭಾರ ಇನ್ನೊಬ್ಬನಿಗೆ ಆಗುವ ಯಾವ ಏರ್ಪಾಡನ್ನೂ ಪ್ರಗತಿಯೆಂದು ಕಣ್ಣುಮುಚ್ಚಿ ಒಪ್ಪಲಾಗದು.

ಶಬ್ದವು ಕೇವಲ ಬೇಸರದ ಮಾತೂ ಅಲ್ಲ. ವಿಮಾನಗಳ ಸದ್ದು ರಾತ್ರಿಯಲ್ಲಿ ಸರಾಸರಿ 40 ಡೆಸಿಬೆಲ್ ಮೀರಿದರೆ ನಿದ್ದೆಗೆ ಕೇಡಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಯುರೋಪಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗದರ್ಶಿ ಎಚ್ಚರಿಸಿದೆ. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಹಿರಿಯರು, ಪರೀಕ್ಷೆಗೆ ಓದುವ ಮಕ್ಕಳು, ರಾತ್ರಿಪಾಳಿ ಮುಗಿಸಿ ಹಗಲಲ್ಲಿ ಮಲಗುವ ಕಾರ್ಮಿಕರು, ಮುಂಜಾನೆ ಪೂಜೆಗೆ ಕುಳಿತ ಮನೆಯವರು ಇವರೆಲ್ಲರಿಗೂ ನಿಶ್ಶಬ್ದ ಒಂದು ಭೋಗವಲ್ಲ. ಗಾಳಿ, ನೀರಿನಂತೆ ಅಗತ್ಯ.

ಹಾಗೆಂದು ಈ ವಾಹನವೇ ಬೇಡವೆನ್ನಬೇಕೆ? ಖಂಡಿತ ಅಲ್ಲ. ಅಪಘಾತದಲ್ಲಿ ಗಾಯಗೊಂಡವನನ್ನು ವಾಹನದಟ್ಟಣೆಯ ಮೇಲಿನಿಂದ ಆಸ್ಪತ್ರೆಗೆ ಒಯ್ಯುವಾಗ, ಒಬ್ಬರ ದೇಹದಿಂದ ಪಡೆದ ಅಂಗವನ್ನು ಇನ್ನೊಬ್ಬರ ಪ್ರಾಣ ಉಳಿಸಲು ಸಾಗಿಸುವಾಗ ಕೇಳುವ ಸದ್ದಿಗೆ ಯಾರೂ ಮುಖ ಸಿಂಡರಿಸಲಾರರು. ಚೆನ್ನೈಯ ಈಪ್ಲೇನ್ ಕಂಪನಿಯು 2025ರಲ್ಲಿ 788 ವಾಯು ಆಂಬುಲೆನ್ಸ್‌ಗಳನ್ನು ಒದಗಿಸುವ ಒಪ್ಪಂದ ಮಾಡಿಕೊಂಡಿತು. ಇಂಥ ಸೇವೆ ನಿಜವಾಗಿ ಕೈಗೂಡಿದರೆ ಅದಕ್ಕಿಂತ ಸಂತೋಷ ಬೇರೆ ಯಾವುದಿದೆ? ಜೀವ ಉಳಿಸುವ ಹಾರಾಟಕ್ಕೂ ಅರ್ಧ ಗಂಟೆ ಉಳಿಸುವ ಹಾರಾಟಕ್ಕೂ ನಿಯಮ ಒಂದೇ ಆಗಬಾರದೆಂಬುದಷ್ಟೇ ನಮ್ಮ ಮಾತು.

ನಿಯಮ ರೂಪಿಸಲು ಕಾಲಾವಕಾಶವೂ ಇದೆ. ಈ ಉದ್ಯಮ ಘೋಷಣೆಗಳಷ್ಟು ವೇಗವಾಗಿ ಮುನ್ನಡೆದಿಲ್ಲ. ಪ್ಯಾರಿಸ್ ಒಲಿಂಪಿಕ್ಸ್ ವೇಳೆಗೆ ಪ್ರಯಾಣಿಕರನ್ನು ಒಯ್ಯುವೆವೆಂದಿದ್ದ ಜರ್ಮನಿಯ ವೋಲೊಕಾಪ್ಟರ್ ಕಂಪನಿಗೆ 2024ರಲ್ಲಿ ಪ್ರಮಾಣಪತ್ರ ಸಿಗಲಿಲ್ಲ. ವರ್ಷದ ಕೊನೆಗೆ ಅದು ದಿವಾಳಿ ಅರ್ಜಿ ಹಾಕಿತು. ಅದೇ ದೇಶದ ಲಿಲಿಯಮ್ ಕಂಪನಿಯೂ ಅದೇ ವರ್ಷ ದಿವಾಳಿಯಾಯಿತು. ಭಾರತದಲ್ಲಿ ಆರ್ಚರ್ ಮತ್ತು ಇಂಟರ್‌ಗ್ಲೋಬ್ ಕಂಪನಿಗಳು 2023ರಲ್ಲಿ ಕೈಜೋಡಿಸಿ, ದೆಹಲಿಯಿಂದ ಗುರುಗ್ರಾಮಕ್ಕೆ ಏಳು ನಿಮಿಷದ ಪ್ರಯಾಣದ ಭರವಸೆ ಕೊಟ್ಟವು. ಭರವಸೆಗಳು ಈಡೇರುವ ಮುನ್ನವೇ ಜನರ ಮಾತು ಕೇಳಿಬರಬೇಕು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯು 2021ರಲ್ಲಿ ಆರು ನಗರ ಪ್ರದೇಶಗಳ ಜನರನ್ನು ಕೇಳಿದಾಗ ನೂರರಲ್ಲಿ 83 ಮಂದಿ ಈ ವಾಹನಗಳ ಬಗ್ಗೆ ಒಲವು ತೋರಿದರು. ಆದರೆ ಸುರಕ್ಷತೆಯ ನಂತರ ಅವರ ಮುಖ್ಯ ಆತಂಕ ಸದ್ದೇ ಆಗಿತ್ತು. ಅದೇ ಸಂಸ್ಥೆ 2023ರಲ್ಲಿ ಈ ವಾಹನಗಳಿಗೆಂದೇ ಶಬ್ದದ ತಾಂತ್ರಿಕ ಮಾನದಂಡಗಳನ್ನು ಪ್ರಕಟಿಸಿತು. ಮೊದಲು ಕೇಳಿ, ಬಳಿಕ ನಿಯಮ ಮಾಡಿದ ಈ ಕ್ರಮ ಅನುಕರಣೀಯವಾದುದು.

ನಮ್ಮ ನಾಡಿನಲ್ಲಿ ಇಂಥ ವಾಹನದ ತಾಣಕ್ಕೆ ಸ್ಥಳ ಗುರುತಿಸುವ ದಿನ ಬಂದಾಗ, ಸುತ್ತಲಿನ ನಾಗರಿಕರು ವಿನಯದಿಂದಲೂ ದೃಢತೆಯಿಂದಲೂ ನಾಲ್ಕು ಮಾತುಗಳನ್ನು ಕೇಳಬೇಕು. ಮೊದಲನೆಯದಾಗಿ, ಸದ್ದನ್ನು ಅಳೆಯುವವರು ತಯಾರಕರಲ್ಲದ ಮೂರನೆಯವರಾಗಿರಲಿ. ಅಳತೆ ಹಾರಾಟದ ಎತ್ತರದ್ದು ಮಾತ್ರವಲ್ಲದೆ ಹತ್ತಿರದ ಮನೆಗಳ ಅಂಗಳದ್ದೂ ಆಗಿರಲಿ. ಎರಡನೆಯದಾಗಿ, ದಿನಕ್ಕೆ ಮತ್ತು ಗಂಟೆಗೆ ಎಷ್ಟು ಹಾರಾಟವೆಂಬ ಮಿತಿ ಪರವಾನಗಿಯಲ್ಲೇ ಬರೆದಿರಲಿ. ಮೂರನೆಯದಾಗಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಜೀವರಕ್ಷಣೆಯ ಹಾರಾಟ ಬಿಟ್ಟು ಬೇರಾವುದಕ್ಕೂ ಅವಕಾಶ ಬೇಡ. ನಾಲ್ಕನೆಯದಾಗಿ, ಹಾದಿಯನ್ನು ನಿಗದಿಪಡಿಸುವ ಮುನ್ನ ಆ ಹಾದಿಯ ಕೆಳಗಿನ ಗ್ರಾಮ ಪಂಚಾಯಿತಿ, ವಾರ್ಡುಗಳ ಜನರನ್ನು ಕರೆದು ಕೇಳಲಿ; ಈಗಾಗಲೇ ಗದ್ದಲವಿರುವ ಹೆದ್ದಾರಿ, ರೈಲುಹಳಿಗಳ ಮೇಲೆಯೇ ಹಾದಿಯನ್ನು ಹಾಯಿಸಲು ಸಾಧ್ಯವೇ ಎಂದು ಮೊದಲು ನೋಡಲಿ. ತಾಣ ಕಟ್ಟಿ ಮುಗಿದ ಮೇಲೆ ಕೂಗಿದರೆ ಪರಿಹಾರ ಸಿಗುವುದು ಕಷ್ಟ.

ಈ ಮಾತು ಹೇಳುವಾಗ ನಮ್ಮ ಸಮಾಜದ ಮನೆಗಳೂ ಒಮ್ಮೆ ತಮ್ಮ ಕಡೆ ನೋಡಿಕೊಳ್ಳುವುದು ಉಚಿತ. ಮೇಲೆ ಹೇಳಿದ 2000ದ ನಿಯಮಾವಳಿಯೇ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದನ್ನು ನಿಷೇಧಿಸುತ್ತದೆ. ವರ್ಷದಲ್ಲಿ ಹದಿನೈದು ದಿನ ಮೀರದಂತೆ ಹಬ್ಬ, ಉತ್ಸವಗಳಿಗೆ ಹನ್ನೆರಡರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಮ್ಮ ಮದುವೆಯ ಮೆರವಣಿಗೆ, ಜಾತ್ರೆಯ ವೇದಿಕೆ, ಆರತಕ್ಷತೆಯ ವಾದ್ಯಗೋಷ್ಠಿಗಳು ಈ ಮಿತಿಯನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿವೆ? ನೆರೆಮನೆಯ ರೋಗಿಯ ನಿದ್ದೆಗೆ ಬೆಲೆ ಕೊಡದವನು ಆಕಾಶದಲ್ಲಿ ಹೋಗುವವನಿಗೆ ಬುದ್ಧಿ ಹೇಳಿದರೆ ಆ ಮಾತಿಗೆ ತೂಕವಿರದು. ಕಾನೂನಿನ ರಕ್ಷಣೆ ಬೇಡುವವರು ಆ ಕಾನೂನನ್ನು ಮೊದಲು ತಾವು ನಡೆಸಿಕೊಡಬೇಕು. ಆಗ ನಮ್ಮ ಬೇಡಿಕೆಗೆ ನೈತಿಕ ಬಲ ತಾನಾಗಿಯೇ ಬರುತ್ತದೆ.

ನಮ್ಮ ಎಷ್ಟೋ ಮನೆಗಳ ಮಕ್ಕಳು ಎಂಜಿನಿಯರಿಂಗ್ ಓದುತ್ತಿದ್ದಾರೆ. ಅವರಲ್ಲಿ ಕೆಲವರು ನಾಳೆ ಇಂಥ ಪ್ರೊಪೆಲರುಗಳನ್ನು ರೂಪಿಸುವ ಸ್ಥಾನದಲ್ಲಿ ಕೂರಬಹುದು. ಹೆಚ್ಚು ಎತ್ತರ, ಹೆಚ್ಚು ವೇಗ ಎಂಬುದಷ್ಟೇ ವಿದ್ಯೆಯ ಗುರಿಯಲ್ಲ. ಹಾರುವವನನ್ನು ಸುರಕ್ಷಿತವಾಗಿ ತಲುಪಿಸುವುದರ ಜೊತೆಗೆ ಕೆಳಗೆ ಮಲಗಿದವನನ್ನು ಎಬ್ಬಿಸದಿರುವುದೂ ಒಳ್ಳೆಯ ಕೆಲಸಗಾರಿಕೆಯ ಲಕ್ಷಣವೆಂದು ತಂದೆತಾಯಿಗಳು ಅವರಿಗೆ ಹೇಳಲಿ. ಅಲಗಿನ ತುದಿಯ ವೇಗವನ್ನು ತಗ್ಗಿಸಿ ಸದ್ದನ್ನು ತಗ್ಗಿಸುವುದು ಅವರ ಕೈಯಲ್ಲಿದೆ. ಹಾರಾಟದ ಹೊತ್ತು, ಹಾದಿ, ಸಂಖ್ಯೆಗಳನ್ನು ಮಿತಿಯಲ್ಲಿಡುವುದು ಸರ್ಕಾರದ ಕೈಯಲ್ಲಿದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಕಾಲದಲ್ಲಿ ಕೇಳುವುದು ಮಾತ್ರ ನಮ್ಮೆಲ್ಲರ ಕೈಯಲ್ಲಿದೆ. ಆ ಕರ್ತವ್ಯದಲ್ಲಿ ಯಾರೂ ಹಿಂದೆ ಬೀಳದಿರಲೆಂದು ಆಶಿಸುತ್ತೇವೆ.